ಗುಟ್ಕಾ, ಕ್ವಾರ್ಟರ್, ಜೋಳದ ರೊಟ್ಟಿ: ವ್ಯಸನವನ್ನೂ ಆಹಾರವನ್ನೂ ಒಟ್ಟಿಗೆ ಅಧ್ಯಯನ ಮಾಡುವುದೇಕೆ

ಕರ್ನಾಟಕದಲ್ಲಿ 2013ರ ಮೇ ಕೊನೆಯಲ್ಲಿ ಗುಟ್ಕಾ ನಿಷೇಧವಾದದ್ದು ತಂಬಾಕು ಕಾಯ್ದೆಯ ಬಲದಿಂದ ಎಂದು ಬಹಳ ಜನ ತಿಳಿದಿದ್ದಾರೆ. ವಾಸ್ತವವಾಗಿ ಆ ನಿಷೇಧದ ಬೇರು ಇರುವುದು ಆಹಾರದ ಕಾನೂನಿನಲ್ಲಿ. ‘ಕೋಟ್ಪಾ’ ಎಂದು ಕರೆಯಲಾಗುವ 2003ರ ತಂಬಾಕು ಕಾಯ್ದೆಯು ಜಾಹೀರಾತು, ಮಾರಾಟದ ಜಾಗ, ಕೊಳ್ಳುವವರ ವಯಸ್ಸು, ಪಾಕೀಟಿನ ಮೇಲಿನ ಎಚ್ಚರಿಕೆ ಚಿತ್ರ ಇತ್ಯಾದಿಗಳನ್ನು ಕಟ್ಟುಪಾಡಿಗೆ ಒಳಪಡಿಸುತ್ತದೆಯೇ ಹೊರತು ತಂಬಾಕನ್ನು ನಿಷೇಧಿಸುವುದಿಲ್ಲ. ನಿಷೇಧಕ್ಕೆ ದಾರಿ ಮಾಡಿಕೊಟ್ಟದ್ದು 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ. ಅದರ ಅಡಿಯಲ್ಲಿ 2011ರ ಆಗಸ್ಟ್‌ನಲ್ಲಿ ಜಾರಿಗೆ ಬಂದ ನಿಯಮಾವಳಿಯ 2.3.4ನೇ ನಿಯಮವು ಯಾವ ಆಹಾರ ಪದಾರ್ಥದಲ್ಲಿಯೂ ತಂಬಾಕಾಗಲಿ ನಿಕೋಟಿನ್ ಆಗಲಿ ಇರಕೂಡದು ಎನ್ನುತ್ತದೆ. ಗುಟ್ಕಾ ಆಹಾರವೇ ಹೌದು ಎಂಬುದನ್ನು ಸುಪ್ರೀಂ ಕೋರ್ಟ್ 2004ರಲ್ಲಿಯೇ ಗೋದಾವತ್ ಪಾನ್ ಮಸಾಲಾ ಪ್ರಕರಣದಲ್ಲಿ ಹೇಳಿತ್ತು. ಅಂದು ಸರ್ಕಾರಗಳು ಹೊರಡಿಸಿದ್ದ ನಿಷೇಧಾದೇಶವನ್ನು ಅದು ಎತ್ತಿಹಿಡಿಯಲಿಲ್ಲ, ಆದರೆ ಗುಟ್ಕಾ ಮತ್ತು ಪಾನ್ ಮಸಾಲಾ ಆಹಾರವಲ್ಲ ಎಂಬ ತಯಾರಕರ ವಾದವನ್ನು ಒಪ್ಪಲೂ ಇಲ್ಲ. ಹೀಗೆ, ಬಾಯಿಯ ಕ್ಯಾನ್ಸರಿಗೆ ಕಾರಣವಾಗುವ ವಸ್ತುವೊಂದನ್ನು ತಡೆಯಲು ಸರ್ಕಾರವು ಅದನ್ನು ರೊಟ್ಟಿ, ಹಾಲು, ಬಿಸ್ಕತ್ತುಗಳ ಸಾಲಿನಲ್ಲಿ ನಿಲ್ಲಿಸಬೇಕಾಯಿತು.

ಮಾರುಕಟ್ಟೆ ಇದಕ್ಕೆ ಕೊಟ್ಟ ಉತ್ತರ ಹುಬ್ಬಳ್ಳಿಯ ಯಾವ ಪಾನ್ ಡಬ್ಬಿಯ ಮುಂದೆ ನಿಂತರೂ ಕಾಣುತ್ತದೆ. ಅಡಿಕೆ, ಕಾಚು, ಸುಣ್ಣ, ಸುವಾಸನೆ ಸೇರಿದ ಪಾನ್ ಮಸಾಲಾ ಒಂದು ಪಾಕೀಟು. ತಂಬಾಕಿನದು ಪಕ್ಕದಲ್ಲಿ ನೇತಾಡುವ ಇನ್ನೊಂದು, ಚಿಕ್ಕ ಪಾಕೀಟು. ಗಿರಾಕಿ ಎರಡನ್ನೂ ಕೇಳುವುದಿಲ್ಲ, ಹೆಸರೊಂದನ್ನು ಹೇಳುತ್ತಾನೆ. ಅಂಗಡಿಯಾತ ಎರಡನ್ನೂ ಹರಿದು ಕೊಡುತ್ತಾನೆ. ಮೊದಲನೆಯದರ ಮೂಲೆಯನ್ನು ಹಲ್ಲಿನಿಂದ ಕತ್ತರಿಸಿ, ಎರಡನೆಯದನ್ನು ಅದರೊಳಗೆ ಸುರಿದು, ಬೆರಳಿನಿಂದ ಬಾಯಿ ಮುಚ್ಚಿ ನಾಲ್ಕು ಸಲ ಅಲುಗಾಡಿಸಿದರೆ ಗುಟ್ಕಾ ತಯಾರು. ಕಾರ್ಖಾನೆಯಲ್ಲಿ ನಡೆಯುತ್ತಿದ್ದ ಬೆರಕೆ ಗಿರಾಕಿಯ ಕೈಗೆ ಬಂತು, ಅಷ್ಟೇ.

ಹುಬ್ಬಳ್ಳಿಯಲ್ಲಿ ವೈದ್ಯಕೀಯ ವಿದ್ಯಾರ್ಥಿಗಳಿಗೆ ಸಾರ್ವಜನಿಕ ಆರೋಗ್ಯ ಕಲಿಸುವ ನನ್ನ ಕೆಲಸದಲ್ಲಿ ವ್ಯಸನ ಒಂದು ಪಾಠ, ಆಹಾರ ಮತ್ತು ಪೋಷಣೆ ಇನ್ನೊಂದು ಪಾಠ. ಪಠ್ಯಕ್ರಮದಲ್ಲಿ ಇವೆರಡೂ ಬೇರೆ ಬೇರೆ ತಿಂಗಳಲ್ಲಿ ಬರುತ್ತವೆ, ಬೇರೆ ಬೇರೆ ಅಧ್ಯಾಯಗಳಲ್ಲಿವೆ. ಸರ್ಕಾರದಲ್ಲಿಯೂ ಹಾಗೆಯೇ: ಮದ್ಯ ಅಬಕಾರಿ ಇಲಾಖೆಗೆ, ಪಡಿತರ ಆಹಾರ ಇಲಾಖೆಗೆ, ಅಂಗನವಾಡಿ ಮಹಿಳಾ ಮತ್ತು ಮಕ್ಕಳ ಇಲಾಖೆಗೆ, ಮೆಕ್ಕೆಜೋಳ ಕೃಷಿ ಇಲಾಖೆಗೆ, ವ್ಯಸನಮುಕ್ತಿ ಆರೋಗ್ಯ ಮತ್ತು ಸಮಾಜ ಕಲ್ಯಾಣ ಇಲಾಖೆಗಳಿಗೆ ಸೇರಿದ್ದು. ಆದರೆ ವೈದ್ಯಕೀಯ ವಿದ್ಯಾರ್ಥಿಗಳು ಹಳ್ಳಿಯ ಕೆಲವು ಕುಟುಂಬಗಳ ಆರೋಗ್ಯವನ್ನು ಗಮನಿಸುವ ಕುಟುಂಬ ದತ್ತು ಕಾರ್ಯಕ್ರಮದಡಿ ಅವರನ್ನು ಕುಂದಗೋಳ ಅಥವಾ ಕಲಘಟಗಿ ಕಡೆಯ ಮನೆಗಳಿಗೆ ಕರೆದೊಯ್ದಾಗ ಈ ವಿಂಗಡಣೆ ಉಳಿಯುವುದಿಲ್ಲ. ಅಪ್ಪನ ಕುಡಿತದ ವಿವರ ಕೇಳಲು ಹೋದರೆ ಮಗುವಿನ ತೂಕದ ವಿಷಯ ಬರುತ್ತದೆ. ಅವ್ವನ ರಕ್ತಹೀನತೆಯ ಬಗ್ಗೆ ಕೇಳಿದರೆ ಆಕೆಯ ದವಡೆಯಲ್ಲಿರುವ ಎಲೆ, ಅಡಿಕೆ, ತಂಬಾಕಿನ ಉಂಡೆ ಉತ್ತರದ ಭಾಗವಾಗುತ್ತದೆ. ವ್ಯಸನದ ವಸ್ತುಗಳೂ ಆಹಾರವೂ ಒಂದೇ ದೇಹದಲ್ಲಿ, ಒಂದೇ ಮನೆಯ ಜಮಾಖರ್ಚಿನಲ್ಲಿ, ಒಂದೇ ಅಂಗಡಿಯಲ್ಲಿ, ಒಂದೇ ಹೊಲದಲ್ಲಿ ಪೈಪೋಟಿಗೆ ಇಳಿದಿವೆ ಎಂಬುದೇ ಈ ಲೇಖನ ವಿವರಿಸಲು ಹೊರಟಿರುವ ಸಂಗತಿ.

ದೇಹದೊಳಗಿನ ಲೆಕ್ಕ

ಹುಬ್ಬಳ್ಳಿಯ ಅಮರಗೋಳ ಎಪಿಎಂಸಿಯಲ್ಲಿ ಚೀಲ ಹೊರುವ ಹಮಾಲರನ್ನು, ತಂಬಾಕು ಏಕೆ ಹಾಕಿಕೊಳ್ಳುತ್ತೀರಿ ಎಂದು ಕೇಳಿದರೆ ‘ಚಟಾ ಬಿದ್ದದರೀ’ ಎಂಬುದು ಮೊದಲ ಉತ್ತರ. ಸ್ವಲ್ಪ ಹೊತ್ತು ಕುಳಿತು ಮಾತಾಡಿದರೆ ಇನ್ನೊಂದು ಉತ್ತರ ಬರುತ್ತದೆ: ‘ಹೊಟ್ಟಿ ತುಂಬ ಉಂಡ್ರ ಚೀಲ ಎತ್ತಾಕ ಆಗೂದಿಲ್ರೀ ಸರ, ಇದನ್ನ ಹಾಕ್ಕೊಂಡ್ರ ಮಧ್ಯಾಹ್ನದ ತನಕಾ ಹಸಿವ ತಿಳಿಯೂದಿಲ್ಲ.’ ಇದು ನೆಪವಲ್ಲ, ಶರೀರಶಾಸ್ತ್ರ. ನಿಕೋಟಿನ್ ಮಿದುಳಿನ ಹೈಪೊಥಲಾಮಸ್ ಎಂಬ ಭಾಗದಲ್ಲಿ ಹಸಿವನ್ನು ತಗ್ಗಿಸುವ ನರಕೋಶಗಳನ್ನು ಪ್ರಚೋದಿಸುತ್ತದೆ, ಹೃದಯದ ಬಡಿತವನ್ನೂ ದೇಹ ಶಕ್ತಿಯನ್ನು ವ್ಯಯಿಸುವ ವೇಗವನ್ನೂ ಕೊಂಚ ಏರಿಸುತ್ತದೆ. ಅಂದರೆ ತಿನ್ನಬೇಕೆನಿಸುವುದು ಕಡಿಮೆಯಾಗುತ್ತದೆ, ಖರ್ಚಾಗುವ ಶಕ್ತಿ ಹೆಚ್ಚಾಗುತ್ತದೆ. ಬೆಳಗಿನ ಊಟವನ್ನು ತಂಬಾಕಿನಿಂದ ಮುಂದಕ್ಕೆ ತಳ್ಳುವವನಿಗೆ ಅದು ಅಗ್ಗದ ಊಟದಂತೆ ಕೆಲಸ ಮಾಡುತ್ತದೆ. ಹೊಲದಲ್ಲಿ ಕಳೆ ತೆಗೆಯುವ, ಹತ್ತಿ ಬಿಡಿಸುವ ಹೆಣ್ಣುಮಕ್ಕಳಲ್ಲಿಯೂ ಇದೇ ಲೆಕ್ಕವಿದೆ, ಮತ್ತು ಅವರ ಬಗ್ಗೆ ನಾವು ಕೇಳುವುದೇ ಕಡಿಮೆ. ಬಸುರಿಯಾಗಿದ್ದಾಗಲೂ ಇದು ಮುಂದುವರಿದರೆ ಕಡಿಮೆ ತೂಕದ ಕೂಸು, ಸತ್ತು ಹುಟ್ಟುವ ಕೂಸು, ತಾಯಿಯ ರಕ್ತಹೀನತೆ ಇವೆಲ್ಲದರ ಅಪಾಯ ಏರುತ್ತದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನ (2019–21) ಪ್ರಕಾರ ಕರ್ನಾಟಕದ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇ 47.8ರಷ್ಟು ಮಂದಿಗೆ ರಕ್ತಹೀನತೆ ಇದೆ. ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 35.4ರಷ್ಟು ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ಇದಕ್ಕೆಲ್ಲ ತಂಬಾಕೇ ಕಾರಣ ಎನ್ನಲಾಗದು. ಆದರೆ ಕಬ್ಬಿಣಾಂಶದ ಮಾತ್ರೆ ಕೊಡುವ ಕೈ ದವಡೆಯೊಳಗೆ ಒಮ್ಮೆಯೂ ಇಣುಕಿ ನೋಡದೇ ಇರುವುದು ಸರಿಯಲ್ಲ.

ಅಡಿಕೆಯ ಕಥೆ ಬೇರೆ. ನಮ್ಮಲ್ಲಿ ಅಡಿಕೆಯನ್ನು ಶುಭದ ವಸ್ತು ಎಂದು ಕಾಣುವುದರಿಂದ ಅದರ ಅಪಾಯದ ಮಾತು ಕಿವಿಗೆ ಹಿಡಿಸುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ತಂಬಾಕು ಬೆರೆಸದ ಅಡಿಕೆಯನ್ನೂ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಅಡಿಕೆಯಲ್ಲಿರುವ ಅರೆಕೋಲಿನ್ ಎಂಬ ರಾಸಾಯನಿಕ ಮತ್ತು ತಾಮ್ರದ ಅಂಶ ಕೆನ್ನೆಯ ಒಳಪದರದಲ್ಲಿ ನಾರಿನಂಥ ಅಂಗಾಂಶವನ್ನು ಬೆಳೆಸುತ್ತವೆ. ಮೆತ್ತಗಿರಬೇಕಾದ ಒಳಗೆನ್ನೆ ಬಿಳಿಚಿ, ಬಿಗಿದು, ಬಾಯಿ ತೆರೆಯುವುದೇ ಕಷ್ಟವಾಗುತ್ತದೆ. ಬಾಯಿಯ ಸಬ್‌ಮ್ಯೂಕಸ್ ಫೈಬ್ರೋಸಿಸ್ ಎಂಬುದು ಇದರ ಹೆಸರು, ಮತ್ತು ಇದು ಕ್ಯಾನ್ಸರಿಗೆ ಮುನ್ನಿನ ಸ್ಥಿತಿ. ಇದನ್ನು ಪತ್ತೆ ಹಚ್ಚಲು ದೊಡ್ಡ ಯಂತ್ರ ಬೇಡ. ತನ್ನದೇ ಮೂರು ಬೆರಳುಗಳನ್ನು ಒಂದರ ಮೇಲೊಂದು ನಿಲ್ಲಿಸಿ ಮೇಲಿನ ಮತ್ತು ಕೆಳಗಿನ ಮುಂಬಲ್ಲುಗಳ ನಡುವೆ ಇಡಲು ಹೇಳಿದರೆ ಸಾಕು. ಮೂರು ಬೆರಳು ಹಿಡಿಯದಿದ್ದರೆ ವೈದ್ಯರಿಗೆ ತೋರಿಸಬೇಕು.

ಆದರೆ ನಮ್ಮ ಭಾಗದಲ್ಲಿ ಈ ಬೆರಳಿನ ಪರೀಕ್ಷೆಗಿಂತ ಮೊದಲೇ ರೋಗದ ಸುಳಿವು ಕೊಡುವುದು ತಾಟು. ಈ ರೋಗಿ ಮೊದಲು ಬಿಡುವುದು ಖಾರ. ಬಣ್ಣ ಹೆಚ್ಚು, ಖಾರ ಕಡಿಮೆ ಎಂದೇ ಹೆಸರಾಗಿ 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಬ್ಯಾಡಗಿ ಮೆಣಸಿನಕಾಯಿಯ ಚಟ್ನಿ ಕೂಡ ಅವನ ಬಾಯಿಗೆ ಬೆಂಕಿ. ಆಮೇಲೆ ಕಟಕಲು ರೊಟ್ಟಿ ಹೋಗುತ್ತದೆ, ಆಮೇಲೆ ಬಿಸಿ ರೊಟ್ಟಿಯ ದೊಡ್ಡ ತುತ್ತು ಹೋಗುತ್ತದೆ. ಹಸಿ ಉಳ್ಳಾಗಡ್ಡಿ, ಮೂಲಂಗಿ, ಮೆಂತ್ಯೆ ಸೊಪ್ಪು, ಶೇಂಗಾ ಹಿಂಡಿ ಒಂದೊಂದಾಗಿ ತಾಟಿನಿಂದ ಇಳಿಯುತ್ತವೆ. ಕೊನೆಗೆ ಉಳಿಯುವುದು ಸಾರಿನಲ್ಲಿ ಕಲಸಿದ ಮೆತ್ತನೆಯ ಅನ್ನ ಅಥವಾ ಹಾಲಿನಲ್ಲಿ ನೆನೆಸಿದ ಬ್ರೆಡ್ಡು. ಆದ್ದರಿಂದ ಆಹಾರದ ವಿವರ ಸಂಗ್ರಹಿಸುವ ವಿದ್ಯಾರ್ಥಿಗಳಿಗೆ, ‘ನಿನ್ನೆ ಏನು ಉಂಡಿರಿ’ ಎಂಬ ಪ್ರಶ್ನೆಗೆ ಉತ್ತರ ಬರೆದುಕೊಂಡ ಮೇಲೆ ‘ಮೊದಲು ಏನು ಉಣ್ಣುತ್ತಿದ್ದಿರಿ, ಯಾವಾಗ ಬಿಟ್ಟಿರಿ’ ಎಂದೂ ಕೇಳಲು ಹೇಳುತ್ತೇನೆ. ಮೂವತ್ತರ ಗಂಡಸು ರೊಟ್ಟಿ ಬಿಟ್ಟು ಅನ್ನಕ್ಕೆ ಬಂದಿದ್ದಾನೆಂದರೆ ಅದು ರುಚಿಯ ಬದಲಾವಣೆ ಎಂದು ಸುಮ್ಮನಾಗಲು ಧಾರವಾಡ ಸೀಮೆಯಲ್ಲಿ ಸಾಧ್ಯವಿಲ್ಲ.

ಇನ್ನು ಮದ್ಯ. ಒಂದು ಗ್ರಾಂ ಆಲ್ಕೊಹಾಲಿನಲ್ಲಿ ಏಳು ಕಿಲೊಕ್ಯಾಲರಿ ಶಕ್ತಿ ಇದೆ. ಅದೇ ತೂಕದ ಪಿಷ್ಟ ಅಥವಾ ಪ್ರೋಟೀನಿನಲ್ಲಿ ಇರುವುದು ನಾಲ್ಕು. ನಮ್ಮ ಅಂಗಡಿಗಳಲ್ಲಿ ಸಿಗುವ ವಿಸ್ಕಿ, ಬ್ರಾಂದಿ, ರಮ್ಮುಗಳಲ್ಲಿ ಸಾಮಾನ್ಯವಾಗಿ ಶೇ 42.8ರಷ್ಟು ಆಲ್ಕೊಹಾಲ್ ಇರುತ್ತದೆ. 180 ಮಿಲಿಲೀಟರಿನ ಒಂದು ಕ್ವಾರ್ಟರಿನಲ್ಲಿ ಹಾಗಾದರೆ ಸುಮಾರು 61 ಗ್ರಾಂ ಆಲ್ಕೊಹಾಲ್ ಮತ್ತು ಸುಮಾರು 425 ಕಿಲೊಕ್ಯಾಲರಿ ಇರುತ್ತವೆ. ಅಷ್ಟೇ ಶಕ್ತಿ ಜೋಳದ ಹಿಟ್ಟಿನಿಂದ ಬರಬೇಕಾದರೆ ಸುಮಾರು 127 ಗ್ರಾಂ ಹಿಟ್ಟು, ಅಂದರೆ ಎರಡು ದೊಡ್ಡ ರೊಟ್ಟಿ ಬೇಕು. ವ್ಯತ್ಯಾಸ ಇರುವುದು ಜೊತೆಗೆ ಬರುವುದರಲ್ಲಿ: ಆ ಎರಡು ರೊಟ್ಟಿಗಳೊಂದಿಗೆ ಹನ್ನೆರಡು ಗ್ರಾಮಿನ ಮೇಲೆ ಪ್ರೋಟೀನು, ಸುಮಾರು ಐದು ಮಿಲಿಗ್ರಾಂ ಕಬ್ಬಿಣಾಂಶ, ಅಷ್ಟಿಷ್ಟು ನಾರು ಮತ್ತು ಬಿ ಗುಂಪಿನ ಜೀವಸತ್ವಗಳು ಬರುತ್ತವೆ, ಕ್ವಾರ್ಟರಿನೊಂದಿಗೆ ಏನೂ ಬರುವುದಿಲ್ಲ. ಕುಡಿದವನಿಗೆ ಹೊಟ್ಟೆ ಸುಮಾರಾಗಿ ತುಂಬಿದಂತಾಗಿ, ರಾತ್ರಿ ಊಟಕ್ಕೆ ಕೂರದೆ ಮಲಗಿಬಿಡುವುದು ಇದರಿಂದಲೇ. ಕುಟುಂಬದವರು ‘ಉಣ್ಣದೇ ಇದ್ದರೂ ಮೈ ಇಳಿದಿಲ್ಲವಲ್ಲ’ ಎಂದು ಸಮಾಧಾನಪಟ್ಟುಕೊಳ್ಳುವುದೂ ಇದರಿಂದಲೇ.

ಜೀವಸತ್ವಗಳ ಪೈಕಿ ಎಲ್ಲಕ್ಕಿಂತ ಮೊದಲು ಕೈಕೊಡುವುದು ಥಯಾಮಿನ್, ಅಂದರೆ ಬಿ1. ದೇಹ ಇದನ್ನು ಹೆಚ್ಚು ಕೂಡಿಡಲಾರದು. ಎರಡು ಮೂರು ವಾರ ಸರಿಯಾಗಿ ಸಿಗದಿದ್ದರೆ ಸಂಗ್ರಹ ಬರಿದಾಗುತ್ತದೆ. ಮದ್ಯ ಇದನ್ನು ಕರುಳು ಹೀರಿಕೊಳ್ಳದಂತೆಯೂ ಯಕೃತ್ತು ಕೂಡಿಡದಂತೆಯೂ ಮಾಡುತ್ತದೆ. ಊಟ ಯಾವುದೆಂಬುದೂ ಇಲ್ಲಿ ಮುಖ್ಯವಾಗುತ್ತದೆ: 100 ಗ್ರಾಂ ಜೋಳದಲ್ಲಿ ಸುಮಾರು 0.35 ಮಿಲಿಗ್ರಾಂ ಥಯಾಮಿನ್ ಇದ್ದರೆ ಪಾಲಿಶ್ ಮಾಡಿದ ಬಿಳಿ ಅಕ್ಕಿಯಲ್ಲಿ ಇರುವುದು ಸುಮಾರು 0.05, ಅದೂ ತೊಳೆದಾಗ ಒಂದಿಷ್ಟು ಹೋಗುತ್ತದೆ. ರೊಟ್ಟಿಯ ಸೀಮೆಯ ಕುಡುಕ ಅನ್ನಕ್ಕೆ ಬಂದರೆ, ಅದೂ ದಿನಕ್ಕೊಂದು ಹೊತ್ತಿಗೆ ಬಂದರೆ, ಅಪಾಯ ಎರಡು ಕಡೆಯಿಂದ ಬರುತ್ತದೆ. ಥಯಾಮಿನ್ ತೀರಿದಾಗ ಗೊಂದಲ, ತೂರಾಟ, ಕಣ್ಣುಗುಡ್ಡೆ ಸರಿಯಾಗಿ ತಿರುಗದಿರುವುದು ಕಾಣಿಸಿಕೊಳ್ಳುತ್ತವೆ. ವೆರ್ನಿಕೆ ಎಂಬ ಈ ಮಿದುಳಿನ ಕಾಯಿಲೆಯ ದೊಡ್ಡ ತೊಡಕೆಂದರೆ ಇದು ಥೇಟ್ ನಶೆಯಂತೆಯೇ ಕಾಣುತ್ತದೆ. ‘ಕುಡಿದಾನ, ಇಳಿದ ಮ್ಯಾಲೆ ಸರಿಹೋಗ್ತಾನ’ ಎಂದು ಮೂಲೆಯಲ್ಲಿ ಮಲಗಿಸಿದವನು ಎದ್ದಾಗ ನೆನಪಿನ ಶಕ್ತಿಯನ್ನು ಶಾಶ್ವತವಾಗಿ ಕಳೆದುಕೊಂಡಿರಬಹುದು. ಇನ್ನೊಂದು ತೊಡಕು ನಮ್ಮ ಹಳ್ಳಿಗಳಿಗೆ ಸಂಬಂಧಿಸಿದ್ದು. ಸುಸ್ತಾದ ಕುಡುಕನಿಗೆ ಗ್ಲುಕೋಸ್ ಬಾಟಲಿ ಹಚ್ಚಿಸುವುದು ಇಲ್ಲಿಯ ವಾಡಿಕೆ. ಗ್ಲುಕೋಸನ್ನು ಶಕ್ತಿಯಾಗಿ ಪರಿವರ್ತಿಸಲು ಥಯಾಮಿನ್ ಬೇಕು. ಅದಿಲ್ಲದವನಿಗೆ ಬರೀ ಗ್ಲುಕೋಸ್ ಏರಿಸಿದರೆ ಉಳಿದ ತುಣುಕೂ ಖರ್ಚಾಗಿ ಸ್ಥಿತಿ ಬಿಗಡಾಯಿಸಬಹುದು. ಆದ್ದರಿಂದ ಥಯಾಮಿನ್ ಚುಚ್ಚುಮದ್ದು ಗ್ಲುಕೋಸಿನ ಮೊದಲು ಅಥವಾ ಅದರ ಜೊತೆಗೇ ಹೋಗಬೇಕು. ಈ ಒಂದು ಸಂಗತಿ ಪ್ರತಿ ಹೋಬಳಿಗೂ ತಲುಪಿದರೆ ನನ್ನ ಒಂದು ಇಡೀ ವರ್ಷದ ಪಾಠ ಸಾರ್ಥಕ.

ಮನೆಯ ಜಮಾಖರ್ಚು

ಮನೆಯ ಲೆಕ್ಕ ಸರಳ, ಆದ್ದರಿಂದ ಇಲ್ಲಿ ಹೆಚ್ಚು ಹೇಳಬೇಕಾದ್ದಿಲ್ಲ. ಗಂಡ ದಿನಕ್ಕೆ ನೂರು ರೂಪಾಯಿಯನ್ನು ಕುಡಿತಕ್ಕೂ ಪಾಕೀಟುಗಳಿಗೂ ಹಾಕುತ್ತಾನೆ ಎಂದಿಟ್ಟುಕೊಂಡರೆ ತಿಂಗಳಿಗೆ ಮೂರು ಸಾವಿರ. ಗೃಹಲಕ್ಷ್ಮಿಯಡಿ 2023ರ ಆಗಸ್ಟಿನಿಂದ ಮನೆಯ ಯಜಮಾನಿಗೆ ಬರುತ್ತಿರುವುದು ತಿಂಗಳಿಗೆ ಎರಡು ಸಾವಿರ. ಅನ್ನಭಾಗ್ಯದ ಅಕ್ಕಿ ಇರುವುದರಿಂದ ಒಲೆ ಆರುವುದಿಲ್ಲ, ಆದರೆ ಕಡಿತ ಬೀಳುವುದು ರೊಕ್ಕ ಕೊಟ್ಟು ತರಬೇಕಾದ ಬೇಳೆ, ಎಣ್ಣೆ, ಹಾಲು, ತತ್ತಿ, ಕಾಯಿಪಲ್ಲೆಗಳಿಗೆ. ಹೊಟ್ಟೆ ತುಂಬಿದ ಮಗುವಿಗೂ ಪೋಷಣೆ ಸಿಗದಿರುವುದು ಹೀಗೆ. ಶಾಲೆಯ ಬಿಸಿಯೂಟ, ಕ್ಷೀರಭಾಗ್ಯದ ಹಾಲು, ತತ್ತಿ ಅಥವಾ ಬಾಳೆಹಣ್ಣು ಇಂಥ ಮನೆಗಳ ಮಕ್ಕಳ ಮಟ್ಟಿಗೆ ಪೂರಕ ಆಹಾರವಲ್ಲ, ದಿನದ ಮುಖ್ಯ ಆಹಾರ. ಭಾನುವಾರವೂ ಬೇಸಿಗೆ ರಜೆಯೂ ಅವರಿಗೆ ಬೇರೆಯೇ ಅರ್ಥದಲ್ಲಿ ಬರುತ್ತವೆ.

ಇನ್ನೊಂದು ಕಡೆ, ರಾಜ್ಯದ ಅಬಕಾರಿ ಆದಾಯ ವರ್ಷಕ್ಕೆ ಮೂವತ್ತು ಸಾವಿರ ಕೋಟಿ ರೂಪಾಯಿ ದಾಟಿದೆ. 2003ರಿಂದ ಸರ್ಕಾರದ್ದೇ ಪಾನೀಯ ನಿಗಮ ರಾಜ್ಯದ ಮದ್ಯದ ಸಗಟು ವಿತರಕ. ಅದೇ ಖಜಾನೆಯಿಂದ ಪಡಿತರವೂ ಬರುತ್ತದೆ. ಬಡವರ ಮನೆಯಿಂದ ತೆರಿಗೆಯಾಗಿ ಹೋದದ್ದರಲ್ಲಿ ಒಂದು ಪಾಲು ಅಕ್ಕಿಯಾಗಿ ಹಿಂದಿರುಗುತ್ತದೆ ಎಂದರೆ ಕೆಲವರಿಗೆ ಕಹಿ ಎನಿಸಬಹುದು, ಆದರೆ ಲೆಕ್ಕ ಹಾಗೆಯೇ ಇದೆ.

ಅಂಗಡಿಯ ಮುಂದೆ

ವಿದ್ಯಾರ್ಥಿಗಳಿಗೆ ನಾನು ಕೊಡುವ ಒಂದು ಕೆಲಸವಿದೆ. ಒಂದು ಪ್ರಾಥಮಿಕ ಶಾಲೆಯ ಗೇಟಿನಿಂದ ಸುತ್ತಲಿನ ನೂರು ಗಜದ ನಕ್ಷೆ ಬರೆಯಬೇಕು. ಒಳಗೆ ಬರುವ ಪ್ರತಿ ಅಂಗಡಿಯನ್ನು ಗುರುತಿಸಿ, ಮಗುವಿನ ಕಣ್ಣಿನ ಎತ್ತರಕ್ಕೆ ಬಗ್ಗಿ ನಿಂತು, ಅಲ್ಲಿಂದ ಏನು ಕಾಣುತ್ತದೆ ಎಂದು ಬರೆದುಕೊಳ್ಳಬೇಕು. ನೂರು ಗಜದ ಆಯ್ಕೆಗೆ ಕಾರಣ ಕೋಟ್ಪಾದ 6ನೇ ಸೆಕ್ಷನ್. ಶಿಕ್ಷಣ ಸಂಸ್ಥೆಯಿಂದ ಅಷ್ಟು ದೂರದೊಳಗೆ ತಂಬಾಕು ಮಾರುವಂತಿಲ್ಲ. ಕಾಯ್ದೆಯಲ್ಲಿ ಕೊಳ್ಳುವವರ ವಯಸ್ಸು ಹದಿನೆಂಟು ಎಂದಿತ್ತು. ಕರ್ನಾಟಕದ ತಿದ್ದುಪಡಿ 2025ರಲ್ಲಿ ರಾಷ್ಟ್ರಪತಿಯವರ ಅಂಕಿತ ಪಡೆದ ಮೇಲೆ ನಮ್ಮಲ್ಲಿ ಅದು ಇಪ್ಪತ್ತೊಂದು. ವಿದ್ಯಾರ್ಥಿಗಳು ಬರೆದು ತರುವ ಪಟ್ಟಿಯಲ್ಲಿ ಸ್ವಾರಸ್ಯದ ಸಂಗತಿ ಇರುವುದು ತಂಬಾಕಿನ ಉಲ್ಲಂಘನೆಯಲ್ಲಿ ಮಾತ್ರವಲ್ಲ. ಪಾನ್ ಮಸಾಲಾದ ಸರ, ಚಿಪ್ಸು ಮತ್ತು ಕುರುಕಲಿನ ಸರ, ಶಾಂಪೂವಿನ ಸರ ಒಂದೇ ಹಗ್ಗಕ್ಕೆ ತೋರಣದಂತೆ ಕಟ್ಟಿರುತ್ತವೆ. ಬೆಲೆ, ಪಾಕೀಟಿನ ಗಾತ್ರ, ಬಣ್ಣ, ಹರಿದು ಕೊಡುವ ವಿಧಾನ ಎಲ್ಲವೂ ಒಂದೇ. ಎಂಟು ವರ್ಷದ ಹುಡುಗ ಐದು ರೂಪಾಯಿ ಕೊಟ್ಟು ಸರದಿಂದ ಒಂದನ್ನು ಹರಿಸಿಕೊಳ್ಳುವ ಅಭ್ಯಾಸ ಕಲಿಯುವುದು ಕುರುಕಲಿನ ಪಾಕೀಟಿನಲ್ಲಿ. ಹದಿನಾರರಲ್ಲಿ ಅವನ ಬೆರಳು ಪಕ್ಕದ ಸರದ ಕಡೆ ಹೋಗಲು ಹೊಸದಾಗಿ ಕಲಿಯಬೇಕಾದ್ದೇನೂ ಇರುವುದಿಲ್ಲ.

ಈ ಹೋಲಿಕೆ ಆಕಸ್ಮಿಕವಲ್ಲ. ಅಮೆರಿಕದ ಸಿಗರೇಟು ಕಂಪನಿ ಫಿಲಿಪ್ ಮಾರಿಸ್ 1985ರಲ್ಲಿ ಜನರಲ್ ಫುಡ್ಸ್ ಅನ್ನೂ 1988ರಲ್ಲಿ ಕ್ರಾಫ್ಟ್ ಅನ್ನೂ ಕೊಂಡು, 2007ರವರೆಗೂ ಜಗತ್ತಿನ ಅತಿ ದೊಡ್ಡ ಆಹಾರ ಉದ್ಯಮಗಳಲ್ಲಿ ಒಂದರ ಒಡೆಯನಾಗಿತ್ತು. ನಮ್ಮ ದೇಶದಲ್ಲಿ 1910ರಲ್ಲಿ ಇಂಪೀರಿಯಲ್ ಟೊಬ್ಯಾಕೊ ಎಂಬ ಹೆಸರಿನಿಂದ ಆರಂಭವಾದ ಐಟಿಸಿ, 2002ರಲ್ಲಿ ಗೋಧಿ ಹಿಟ್ಟು, 2003ರಲ್ಲಿ ಬಿಸ್ಕತ್ತು, 2007ರಲ್ಲಿ ಚಿಪ್ಸ್ ಮಾರುಕಟ್ಟೆಗೆ ಇಳಿಯಿತು. ಇದರಲ್ಲಿ ಕಾನೂನುಬಾಹಿರವಾದದ್ದು ಏನೂ ಇಲ್ಲ. ಆದರೆ ಚಿಕ್ಕ ಚಿಕ್ಕ ಊರಿನ ಕಟ್ಟಕಡೆಯ ಅಂಗಡಿಯವರೆಗೂ ಸರಕು ಮುಟ್ಟಿಸುವ ಕಲೆಯನ್ನು ಒಂದು ವಸ್ತುವಿನಲ್ಲಿ ಕರಗತ ಮಾಡಿಕೊಂಡ ಉದ್ಯಮಕ್ಕೆ ಇನ್ನೊಂದು ವಸ್ತುವನ್ನು ಅದೇ ದಾರಿಯಲ್ಲಿ ಕಳಿಸುವುದು ಸುಲಭ ಎಂಬುದನ್ನು ಗಮನಿಸಬೇಕು. ಇಂಥ ಪ್ರಭಾವಗಳನ್ನು ಸಾರ್ವಜನಿಕ ಆರೋಗ್ಯದಲ್ಲಿ ಆರೋಗ್ಯದ ವಾಣಿಜ್ಯ ನಿರ್ಧಾರಕಗಳು ಎನ್ನುತ್ತಾರೆ. ತಂಬಾಕು, ಮದ್ಯ, ಅನಾರೋಗ್ಯಕರ ಆಹಾರ ಮತ್ತು ಪಳೆಯುಳಿಕೆ ಇಂಧನ, ಈ ನಾಲ್ಕು ಉದ್ಯಮಗಳು ಜಗತ್ತಿನ ಸಾವುಗಳಲ್ಲಿ ಕನಿಷ್ಠ ಮೂರನೇ ಒಂದು ಭಾಗಕ್ಕೆ ಕಾರಣವೆಂದು ಲ್ಯಾನ್ಸೆಟ್ ಪತ್ರಿಕೆ 2023ರಲ್ಲಿ ಪ್ರಕಟಿಸಿದ ಲೇಖನಮಾಲೆ ಹೇಳಿತು.

ಬೆಲೆಯ ವಿಷಯದಲ್ಲಿ ನಮ್ಮ ನೀತಿ ಎರಡು ದಿಕ್ಕಿಗೆ ಎಳೆಯುತ್ತದೆ. 2025ರ ಸೆಪ್ಟೆಂಬರ್ 22ರಿಂದ ಜಾರಿಯಾದ ಜಿಎಸ್‌ಟಿ ಬದಲಾವಣೆಯಲ್ಲಿ ಸಕ್ಕರೆ ಹಾಕಿದ ಗ್ಯಾಸ್ ಪಾನೀಯಗಳು ಶೇ 40ರ ದರಕ್ಕೆ ಹೋದವು. ಇದು ಸರಿಯಾದ ಹೆಜ್ಜೆ. ಅದೇ ದಿನ ಬಿಸ್ಕತ್ತು, ಚಾಕಲೇಟು, ಪ್ಯಾಕೆಟ್ ಖಾರಾ, ನೂಡಲ್ಸ್ ಶೇ 5ಕ್ಕೆ ಇಳಿದವು. ಗಿರ್ಮಿಟ್ಟು, ಮಿರ್ಚಿ ಭಜಿ ಮಾರುವ ನಮ್ಮ ಗಾಡಿಯವರ ಎಣ್ಣೆಯನ್ನು ಬೈಯುವುದರಲ್ಲಿ ಇರುವ ಉತ್ಸಾಹ ಈ ಇಳಿಕೆಯನ್ನು ಪ್ರಶ್ನಿಸುವುದರಲ್ಲಿ ನಮ್ಮ ಸುಶಿಕ್ಷಿತರಿಗೆ ಇಲ್ಲದಿರುವುದು ನನಗೆ ಅರ್ಥವಾಗಿಲ್ಲ.

ಹೊಲದಿಂದ ಡಿಸ್ಟಿಲರಿಗೆ

ಹಾವೇರಿ ಜಿಲ್ಲೆಯ ಮುಂಗಾರಿನ ಹೊಲಗಳಲ್ಲಿ ಈಗ ಎತ್ತ ನೋಡಿದರೂ ಮೆಕ್ಕೆಜೋಳ. ಅದರಲ್ಲಿ ಮನುಷ್ಯರ ತಾಟಿಗೆ ನೇರವಾಗಿ ಬರುವುದು ಬಹಳ ಕಡಿಮೆ. ಕೋಳಿ ಆಹಾರ, ಪಿಷ್ಟದ ಕಾರ್ಖಾನೆ, ಎಥೆನಾಲ್ ಡಿಸ್ಟಿಲರಿಗಳು ಅದರ ಮುಖ್ಯ ಗಿರಾಕಿಗಳು. 2025ರ ನವೆಂಬರಿನಲ್ಲಿ ಬೆಂಬಲ ಬೆಲೆ ಕ್ವಿಂಟಲಿಗೆ 2,400 ರೂಪಾಯಿ ಇದ್ದರೂ ಮಾರುಕಟ್ಟೆಯಲ್ಲಿ ದರ ಅದಕ್ಕಿಂತ ಬಹಳ ಕೆಳಗೆ ಬಿದ್ದಾಗ ಗದಗ ಜಿಲ್ಲೆಯ ಲಕ್ಷ್ಮೇಶ್ವರದಲ್ಲಿ ರೈತರು ಧರಣಿ ಕುಳಿತರು. ಪರಿಹಾರದ ಮಾತುಕತೆಯಲ್ಲಿ ಡಿಸ್ಟಿಲರಿಗಳ ಖರೀದಿಯೇ ಮುಖ್ಯ ವಿಷಯವಾಯಿತು. ಇಂಧನದ ಎಥೆನಾಲ್ ಬೇರೆ, ಕುಡಿಯುವ ಮದ್ಯದ ಸ್ಪಿರಿಟ್ ಬೇರೆ, ನಿಜ. ಆದರೆ ಎರಡಕ್ಕೂ ಧಾನ್ಯ ಅಥವಾ ಕಬ್ಬಿನ ಕಾಕಂಬಿಯನ್ನು ಹುಳಿಸಿ ಬಟ್ಟಿ ಇಳಿಸುವುದೇ ಮೊದಲ ಹಂತ. ರೈತನಿಗೆ ತನ್ನ ಫಸಲು ಯಾವ ರೂಪದಲ್ಲಿ ಊರಿಗೆ ಮರಳುತ್ತದೆ ಎಂಬುದನ್ನು ಆಯ್ದುಕೊಳ್ಳುವ ಅವಕಾಶವಿಲ್ಲ.

ಅಡಿಕೆಯೂ ಹೀಗೆಯೇ ಹಬ್ಬುತ್ತಿದೆ. ಒಂದು ಕಾಲಕ್ಕೆ ಶಿರಸಿ, ಸಿದ್ದಾಪುರಗಳ ಬೆಳೆಯಾಗಿದ್ದದ್ದು ಹಾನಗಲ್ ಕಡೆಯ ಗದ್ದೆಗಳಿಗೆ ಇಳಿದಿದೆ. ತಂಬಾಕನ್ನು ನಾವು ಬೆಳೆಯುವುದು ಕಡಿಮೆಯಾದರೂ ಬೀಡಿ ತಂಬಾಕಿಗೆ ಹೆಸರಾದ ನಿಪ್ಪಾಣಿ ಪಕ್ಕದ ಬೆಳಗಾವಿ ಜಿಲ್ಲೆಯಲ್ಲೇ ಇದೆ. ಬೆಳೆಗಾರರನ್ನು ದೂರುವುದು ಇಲ್ಲಿಯ ಉದ್ದೇಶವಲ್ಲ. ಹಿಂಗಾರಿ ಜೋಳಕ್ಕೆ, ಹೆಸರಿಗೆ, ಮಡಕಿಗೆ ನಂಬಬಹುದಾದ ಬೆಲೆ ಮತ್ತು ಖರೀದಿ ಇದ್ದಿದ್ದರೆ ಅವರ ಲೆಕ್ಕವೂ ಬೇರೆಯಾಗುತ್ತಿತ್ತು. ಧಾರವಾಡದ ಕೃಷಿ ವಿಶ್ವವಿದ್ಯಾಲಯದಂಥ ಸಂಸ್ಥೆಗಳಲ್ಲಿ ಜೋಳದ ತಳಿಗಳ ಬಗ್ಗೆ ನಡೆಯುವ ಕೆಲಸವನ್ನು ವ್ಯಸನದ ಪಾಠದಲ್ಲಿ ನಾನು ಹೆಸರಿಸುವುದು ಇದಕ್ಕಾಗಿಯೇ. ವಿದ್ಯಾರ್ಥಿಗಳು ಮೊದಲ ಸಲ ಕೇಳಿದಾಗ ತಪ್ಪು ತರಗತಿಗೆ ಬಂದೆವೇ ಎಂಬಂತೆ ನೋಡುತ್ತಾರೆ.

ನಿಷೇಧದಿಂದ ಏನಾಗುತ್ತದೆ, ಏನಾಗುವುದಿಲ್ಲ

ಇಷ್ಟೆಲ್ಲ ಹೇಳಿದ ಮೇಲೆ ಸಭಿಕರಿಂದ ಬರುವ ಪ್ರಶ್ನೆ ಒಂದೇ: ಪೂರ್ತಿ ಬಂದ್ ಮಾಡಬಾರದೇಕೆ? ಈ ನಾಡಿಗೆ ಅದರ ಅನುಭವವಿದೆ. ಗದಗ, ಹಾವೇರಿಗಳೂ ಸೇರಿದ್ದ ಹಳೆಯ ಧಾರವಾಡ ಜಿಲ್ಲೆ ಏಕೀಕರಣಕ್ಕೆ ಮುನ್ನ ಮುಂಬಯಿ ರಾಜ್ಯದಲ್ಲಿತ್ತು, ಮತ್ತು 1949ರ ಮುಂಬಯಿ ಪಾನನಿರೋಧ ಕಾಯ್ದೆ ಇಲ್ಲಿಗೂ ಅನ್ವಯವಾಗಿತ್ತು. ಮೈಸೂರು ರಾಜ್ಯ 1967ರಲ್ಲಿ ಪಾನನಿರೋಧವನ್ನು ಕೈಬಿಟ್ಟಿತು. 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಷೇಧವಾಯಿತು. ಸಾರಾಯಿ ಹೋದ ಜಾಗಕ್ಕೆ ಅಗ್ಗದ ವಿಸ್ಕಿ, ರಮ್ಮುಗಳ ಸಣ್ಣ ಬಾಟಲಿ ಮತ್ತು ಟೆಟ್ರಾ ಪ್ಯಾಕುಗಳು ಬಂದವು. ಪರವಾನಗಿ ಪಡೆದ ಅಂಗಡಿ ಇಲ್ಲದ ಊರಿನಲ್ಲಿಯೂ ಕಿರಾಣಿ ಅಂಗಡಿಯ ಹಿಂಬದಿಯಲ್ಲಿ, ಚಾದಂಗಡಿಯ ಮಗ್ಗುಲಲ್ಲಿ ಅವು ಸಿಗತೊಡಗಿದವು. 2019ರ ಜನವರಿಯಲ್ಲಿ ಸಾವಿರಾರು ಹಳ್ಳಿಯ ಹೆಣ್ಣುಮಕ್ಕಳು ಚಿತ್ರದುರ್ಗದಿಂದ ಬೆಂಗಳೂರಿಗೆ ಪಾದಯಾತ್ರೆ ಮಾಡಿ ಮದ್ಯ ನಿಷೇಧಕ್ಕೆ ಒತ್ತಾಯಿಸಿದಾಗ ಅವರ ಸಿಟ್ಟಿನ ಹಿಂದೆ ಇದ್ದದ್ದು ಈ ಅನುಭವ. ಅವರ ಬೇಡಿಕೆಯನ್ನು ಅವ್ಯಾವಹಾರಿಕ ಎಂದು ತಳ್ಳಿಹಾಕುವವರು, ಊರೊಳಗಿನ ಅಕ್ರಮ ಮಾರಾಟವನ್ನಾದರೂ ನಿಲ್ಲಿಸಿ ಎಂಬ ಅದರ ಸಣ್ಣ ಭಾಗವನ್ನು ಕೇಳಿಸಿಕೊಂಡಿಲ್ಲ. ಬೆಲೆ ಏರಿಸುವುದು, ಸಿಗುವ ಜಾಗ ಮತ್ತು ಹೊತ್ತನ್ನು ಕಡಿಮೆ ಮಾಡುವುದು, ಜಾಹೀರಾತನ್ನು ತಡೆಯುವುದು: ಮದ್ಯದ ವಿಷಯದಲ್ಲಿ ಫಲ ಕೊಡುತ್ತವೆಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತೆ ಮತ್ತೆ ಹೇಳುವ ಮೂರು ಕ್ರಮಗಳು ಇವೇ. ಅಕ್ರಮ ಮಾರಾಟ ಈ ಮೂರನ್ನೂ ಒಮ್ಮೆಗೇ ನಿಷ್ಫಲಗೊಳಿಸುತ್ತದೆ.

ಚಿಕಿತ್ಸೆಯಲ್ಲಿ ಊಟ

ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ದೆಹಲಿಯ ಏಮ್ಸ್ ನಡೆಸಿ 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ಮದ್ಯಕ್ಕೆ ಅಂಟಿಕೊಂಡ 38 ಜನರಲ್ಲಿ ಒಬ್ಬರಿಗೆ ಮಾತ್ರ ಯಾವುದಾದರೂ ಬಗೆಯ ಚಿಕಿತ್ಸೆ ಸಿಕ್ಕಿದೆ. ಆಸ್ಪತ್ರೆಯಲ್ಲಿ ದಾಖಲಾಗಿ ಚಿಕಿತ್ಸೆ ಪಡೆದವರು 180ಕ್ಕೆ ಒಬ್ಬರು. ನಮ್ಮ ಭಾಗಕ್ಕೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇದೆ, ಹುಬ್ಬಳ್ಳಿ, ಗದಗ, ಹಾವೇರಿಗಳಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜುಗಳಿವೆ. ಆದರೂ ಗಜೇಂದ್ರಗಡ ಅಥವಾ ರೋಣದ ಕಡೆಯಿಂದ ಗೋವೆಗೆ, ಮಂಗಳೂರಿಗೆ ದುಡಿಯಲು ಹೋಗಿ ಆರು ತಿಂಗಳಿಗೊಮ್ಮೆ ಊರಿಗೆ ಬರುವ ಗಾರೆ ಕೆಲಸದವನಿಗೆ ಈ ಯಾವ ಜಾಗವೂ ಹತ್ತಿರದ್ದಲ್ಲ.

ದಾಖಲಾದವರ ಚೀಟಿಯಲ್ಲಿಯೂ ಔಷಧಿಯ ಹೆಸರುಗಳಿರುತ್ತವೆ, ಊಟದ ಸಾಲು ಇರುವುದಿಲ್ಲ. ಇದು ಎಷ್ಟು ದೊಡ್ಡ ಕೊರತೆ ಎಂಬುದನ್ನು ಕ್ಷಯರೋಗದ ಉದಾಹರಣೆ ತೋರಿಸುತ್ತದೆ. ಕ್ಷಯ ಬರಲು ಮತ್ತು ಉಲ್ಬಣಿಸಲು ಅಪೌಷ್ಟಿಕತೆ, ಮದ್ಯ, ತಂಬಾಕು ಮೂರೂ ಕಾರಣಗಳು. ಜಾರ್ಖಂಡಿನಲ್ಲಿ ನಡೆದು 2023ರಲ್ಲಿ ಫಲಿತಾಂಶ ಪ್ರಕಟಿಸಿದ ‘ರೇಶನ್ಸ್’ ಅಧ್ಯಯನದಲ್ಲಿ, ರೋಗಿಯ ಮನೆಯವರಿಗೂ ಆಹಾರಧಾನ್ಯ ಮತ್ತು ಪೋಷಕಾಂಶದ ಮಾತ್ರೆಗಳನ್ನು ಕೊಟ್ಟಾಗ ಅವರಲ್ಲಿ ಹೊಸದಾಗಿ ಕ್ಷಯ ಕಾಣಿಸಿಕೊಳ್ಳುವುದು ಶೇ 39ರಷ್ಟು ಕಡಿಮೆಯಾಯಿತು. ಹೊಸ ಔಷಧಿಯಿಲ್ಲ, ಲಸಿಕೆಯಿಲ್ಲ. ಅಕ್ಕಿ, ಬೇಳೆ, ಮಾತ್ರೆ ಅಷ್ಟೇ. ಆಮೇಲೆ, 2024ರ ನವೆಂಬರಿನಿಂದ, ಕ್ಷಯರೋಗಿಗಳ ಆಹಾರಕ್ಕೆಂದು ಕೊಡುವ ನಿಕ್ಷಯ ಪೋಷಣ ಯೋಜನೆಯ ನೆರವನ್ನು ಕೇಂದ್ರ ಸರ್ಕಾರ ತಿಂಗಳಿಗೆ 500ರಿಂದ 1,000 ರೂಪಾಯಿಗೆ ಏರಿಸಿತು. ಕುಡಿತ ಬಿಡಲು ಬಂದವನಿಗೆ ಇಂಥದೇ ಆಹಾರದ ಆಸರೆ ಯಾವ ಯೋಜನೆಯಲ್ಲೂ ಇಲ್ಲ.

ತಂಬಾಕು ಬಿಡುವವರಿಗೆ ಮೊದಲ ಕೆಲವು ವಾರ ಹಸಿವು ಏರುವುದು ಸಹಜ, ತೂಕವೂ ಒಂದಿಷ್ಟು ಏರಬಹುದು. ಇದು ನಿಕೋಟಿನ್ ಅದುಮಿಟ್ಟಿದ್ದ ಹಸಿವು ಮರಳುವುದು. ಈ ಹೊತ್ತಿನಲ್ಲಿ ಬಾಯಿಗೆ ಏನಾದರೂ ಬೇಕೆನಿಸಿದಾಗ ಪಕ್ಕದ ಸರದ ಸಿಹಿ ಪಾಕೀಟಿಗೋ ಬರೀ ಅಡಿಕೆಗೋ ಹೋಗದೆ ಹುರಿಗಡಲೆ, ಶೇಂಗಾ, ಬಡೇಸೋಪು, ಸೌತೆಕಾಯಿ ಇಟ್ಟುಕೊಳ್ಳುವುದು ಒಳ್ಳೆಯದು. ನಸುಕಿನಲ್ಲಿ ಕೆಲಸಕ್ಕೆ ಹೋಗುವವರು ಮಧ್ಯಾಹ್ನದ ಬುತ್ತಿಯನ್ನು ಎರಡು ಪಾಲು ಮಾಡಿ ಒಂದನ್ನು ಎಂಟು ಗಂಟೆಗೇ ಉಂಡರೆ ತಂಬಾಕಿನ ಮೊದಲ ಸೆಳೆತ ಬರುವ ಹೊತ್ತು ದಾಟುತ್ತದೆ. ದಿನವೂ ಹೆಚ್ಚು ಕುಡಿಯುವವರು ಮಾತ್ರ ಮನೆಯಲ್ಲೇ ಒಮ್ಮೆಗೇ ನಿಲ್ಲಿಸಬಾರದು; ಕೈ ನಡುಕ, ಫಿಟ್ಸ್, ಸನ್ನಿ ಬರುವ ಅಪಾಯವಿರುವುದರಿಂದ ವೈದ್ಯರ ನಿಗಾ ಬೇಕು. ತಂಬಾಕು ಬಿಡಲು 1800-11-2356, ಮದ್ಯ ಮತ್ತು ಇತರ ಮಾದಕ ವಸ್ತುಗಳಿಗೆ 14446, ಮನಸ್ಸಿನ ಆರೋಗ್ಯಕ್ಕೆ ಟೆಲಿ ಮಾನಸ್ 14416: ಮೂರೂ ಉಚಿತ ಕರೆಗಳು. ಟೆಲಿ ಮಾನಸ್‌ನಲ್ಲಿ ಕನ್ನಡದಲ್ಲಿ ಮಾತಾಡಬಹುದು. ಫೋನು ಮಾಡುವವರು ವ್ಯಸನಿಯೇ ಆಗಿರಬೇಕೆಂದಿಲ್ಲ, ಹೆಂಡತಿಯೋ ತಾಯಿಯೋ ಮಾಡಿದರೂ ಆದೀತು.